ನಡತೆ ತೃಪ್ತಿಕರ

ಹೋದ ತಿಂಗಳು ಓಕ್ಲ್ಯಾಂಡಿನ ಆ ಹಳೆಯ ಚರ್ಚಿನ ನೆಲಮಾಳಿಗೆಗೆ ಇಳಿಯುತ್ತಿದ್ದೆ. ಐದನೆಯ ಮೆಟ್ಟಿಲಿಗೇ ವಾಸನೆ ಮೂಗಿಗೆ ಬಡಿಯಿತು. ನೆಲಕ್ಕೆ ಉಜ್ಜುವ ಮೇಣ, ಗಂಟೆಗಟ್ಟಲೆ ಕುದಿಸಿ ಕೆಡಿಸಿದ ಕಾಫಿ, ಮಳೆಯಲ್ಲಿ ನೆಂದ ಉಣ್ಣೆಯ ಕೋಟು. ಅಂದು ಮಳೆಯೂ ಇರಲಿಲ್ಲ, ಅಲ್ಲಿ ಯಾರೂ ಕಾಫಿ ಕಾಯಿಸುತ್ತಲೂ ಇರಲಿಲ್ಲ. ಗೋಡೆಗೇ ಹತ್ತಿಕೊಂಡಿತ್ತು ಅಂತ ಕಾಣುತ್ತದೆ. ನನಗೆ ಸಿಟ್ಟು ಬಂತು. ಮೂವತ್ತೈದು ವರ್ಷಕ್ಕೂ ಹಿಂದಿನ ಸಿಟ್ಟು, ಒಲೆಯ ಮೇಲಿಂದ ಈಗಷ್ಟೇ ಇಳಿಸಿದಷ್ಟು ಬಿಸಿಯಾಗಿತ್ತು.

ಚರ್ಚಿನಿಂದ ಒಬ್ಬಳು ಹುಡುಗಿ ಫೋನ್ ಮಾಡಿದ್ದಳು. "ಕಟ್ಟಡ ಮಾರ್ತಿದ್ದೀವಿ ಮೇಡಂ. ಮಿಸೆಸ್ ಹಾರ್ಗ್ರೋವ್ ಅವರ ಕಬ್ಬಿಣದ ಬೀರು ಖಾಲಿ ಮಾಡ್ತಿದ್ದೀವಿ. ನಿಮ್ಮ ಹೆಸರಿನ ಒಂದು ಫೈಲು ಇದೆ, ಬಂದು ತಗೊಂಡ್ಹೋಗ್ತೀರಾ?" ಮಿಸೆಸ್ ಹಾರ್ಗ್ರೋವ್ ಸತ್ತು ಎಷ್ಟೋ ವರ್ಷವಾಯಿತು. ಪೊಲೀಸಿನವರು ಇಡುವ ಹಾಗೆ ನನ್ನ ಹೆಸರಿನಲ್ಲಿ ಫೈಲು ಇಟ್ಟಿದ್ದಳಂತೆ, ಮಹಾತಾಯಿ! ಆಕೆ ನನಗಿಂತ ಮೂವತ್ತು ವರ್ಷ ದೊಡ್ಡವಳು, ಗೌರವ ಕೊಟ್ಟು ಬರೆಯಬೇಕು ನಿಜ. ಆದರೆ ಮನಸ್ಸಿನಲ್ಲಿ ನಾನು ಆಕೆಯೊಂದಿಗೆ ಜಗಳವಾಡಿದ್ದೆಲ್ಲ "ಅವಳು" ಅಂತಲೇ. ಈಗ ನಾಟಕ ಮಾಡುವುದಿಲ್ಲ.

ಎಂಬತ್ತರ ದಶಕದ ನಡುವೆ ಒಂದು ವರ್ಷ. ನಾವು ಓಕ್ಲ್ಯಾಂಡಿನಲ್ಲಿ ಬಾಡಿಗೆಗಿದ್ದೆವು. ನಮ್ಮ ಯಜಮಾನರಿಗೆ ಮೌಂಟನ್ ವ್ಯೂ ಕಡೆ ಕೆಲಸ, ದಿನಾ ಫ್ರೀವೇ ಹಿಡಿದು ಹೋಗಿಬರುತ್ತಿದ್ದರು. ನಾನು ಮಂಡ್ಯದವಳು. ಮೈಸೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆರು ವರ್ಷ ಗಣಿತ ಕಲಿಸಿ ಬಂದಿದ್ದೆ. ಎಂ.ಎಸ್‌ಸಿ. ಇತ್ತು, ಬಿ.ಎಡ್. ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಹೆಡ್‌ಮಿಸ್ಟ್ರೆಸ್ ಸುಂದರಮ್ಮನವರು ಗುಂಡು ಮೊಹರು ಒತ್ತಿ ಕೊಟ್ಟ ಸರ್ಟಿಫಿಕೇಟು ಇತ್ತು. ಮೂರು ವರ್ಷ ಸ್ಕೂಲು ಸ್ಕೂಲಿಗೆ ಅರ್ಜಿ ಹಾಕಿದೆ. ಪ್ರತಿ ಅರ್ಜಿಯ ಮೇಲೆ, ಮೊದಲು ಕಣ್ಣಿಗೆ ಬೀಳಲಿ ಅಂತ, ಆ ಸರ್ಟಿಫಿಕೇಟಿನ ನಕಲು ಪಿನ್ ಮಾಡಿ ಕಳಿಸಿದೆ. ಒಬ್ಬನೂ ಕರೆಯಲಿಲ್ಲ. ಕೊನೆಗೆ ಸಿಕ್ಕಿದ್ದು ಬದಲಿ ಟೀಚರ್ ಕೆಲಸ, ಯಾರಾದರೂ ರಜೆ ಹಾಕಿದರೆ ಹೋಗಿ ಅವರ ಜಾಗದಲ್ಲಿ ನಿಲ್ಲುವುದು. ಆ ಸೆಪ್ಟೆಂಬರಿನಲ್ಲಿ ಒಂದು ಸರಕಾರಿ ಹೈಸ್ಕೂಲಿನ ಗಣಿತದ ಮೇಷ್ಟ್ರು ಹೇಳದೆ ಕೇಳದೆ ಬಿಟ್ಟುಹೋದದ್ದರಿಂದ ಇಡೀ ವರ್ಷ ಆ ಕ್ಲಾಸು ನನ್ನ ತಲೆಗೆ ಬಿತ್ತು.

ಮಕ್ಕಳೆಲ್ಲ ಹೆಚ್ಚುಕಡಿಮೆ ಕಪ್ಪು ಜನರ ಮಕ್ಕಳು. ಸುಳ್ಳು ಯಾಕೆ ಹೇಳಲಿ, ನನಗೆ ಅವರನ್ನು ಕಂಡರೆ ಭಯ. ಭಯ ಇದ್ದ ಕಡೆ ನಾನು ಯಾವಾಗಲೂ ಜೋರು ಮಾಡುವವಳು. ಅವರು ನನ್ನ ಇಂಗ್ಲಿಷನ್ನು ಅಣಕಿಸುತ್ತಿದ್ದರು, ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ. ಬೆಂಚಿನ ಮೇಲೆ ನಿಂತು ಅವರು ಕುಣಿಯುತ್ತಿದ್ದರು. ಸಂಜೆ ಮನೆಗೆ ಬಂದು ನಾನು ಯಜಮಾನರ ಮೇಲೆ ಹಾರಾಡುತ್ತಿದ್ದೆ.

ಅವರಲ್ಲಿ ಡೆನೀಸ್ ಅಂತ ಒಬ್ಬಳು. ಹದಿನೇಳು ವರ್ಷ, ಸೋಡಾಬುಡ್ಡಿ ಕನ್ನಡಕ, ಮುಂದಿನ ಬೆಂಚು. ಕುಣಿಯುತ್ತಿರಲಿಲ್ಲ, ಅದಕ್ಕಿಂತ ಕೆಟ್ಟದ್ದು ಮಾಡುತ್ತಿದ್ದಳು. ನನ್ನ ಲೆಕ್ಕ ತಿದ್ದುತ್ತಿದ್ದಳು. ಅಕ್ಟೋಬರಿನ ಒಂದು ದಿನ ಬೋರ್ಡಿನ ಮೇಲೆ ಒಂದು ಸಮೀಕರಣ ಬಿಡಿಸುವಾಗ ಅವಸರಕ್ಕೆ ಎರಡೂ ಕಡೆ ಎಕ್ಸ್‌ನಿಂದ ಭಾಗಿಸಿಬಿಟ್ಟೆ. ಉತ್ತರ ಐದು ಅಂತ ಬರೆದೆ. ಡೆನೀಸ್ ಎದ್ದು ನಿಂತಳು.

"ಸೊನ್ನೆ ಎಲ್ಲಿ ಹೋಯ್ತು ಮಿಸೆಸ್ ಗೌಡ? ಸೊನ್ನೆನೂ ಉತ್ತರಾನೇ. ನೀವು ಅದನ್ನ ಬಿಸಾಕಿಬಿಟ್ರಿ."

ಅವಳು ಬಾಯಿ ತೆರೆದ ಕ್ಷಣಕ್ಕೇ ನನಗೆ ಗೊತ್ತಾಯಿತು. ಆದರೆ ಅಷ್ಟು ಜನರ ಮುಂದೆ ಟೀಚರು ತಪ್ಪು ಅಂತ ಒಪ್ಪುವುದುಂಟೇ? "ಕೂತ್ಕೋ" ಅಂದೆ. ಕೂರಲಿಲ್ಲ. ಬೆಲ್ ಹೊಡೆಯುವವರೆಗೂ ನಿಂತಿದ್ದಳು. ಮಾರನೆಯ ದಿನ ಬಂದು ಮತ್ತೆ ನಿಂತಳು. ನಾನೂ ಅವಳ ಕಡೆ ನೋಡದೆ ಪಾಠ ಮಾಡಿದೆ. ಮೂರನೆಯ ದಿನ ಬೋರ್ಡಿನ ಮೂಲೆಯಲ್ಲಿ ಆ ಸಮೀಕರಣ ಬರೆದು, ಐದರ ಕೆಳಗೆ ಒಂದು ಸೊನ್ನೆ ಸೇರಿಸಿದೆ. ಡೆನೀಸ್ ಕೂತಳು. ಮೈಯೆಲ್ಲ ಉರಿದುಹೋಯಿತು ನನಗೆ.

ಮೈಸೂರಿನ ಚಟ ಬಿಡಬೇಕಲ್ಲ, ಶನಿವಾರ ಸ್ಪೆಷಲ್ ಕ್ಲಾಸು ಇಟ್ಟೆ. ಮೊದಲ ವಾರ ಐದು ಜನ ಬಂದರು, ಮುಂದಿನ ವಾರ ಯಾರೂ ಇಲ್ಲ. ವಿಚಾರಿಸಿದರೆ ಎಲ್ಲರೂ ಚರ್ಚಿನ ನೆಲಮಾಳಿಗೆಯಲ್ಲಿ ಕಾಲೇಜಿನ ಅರ್ಜಿ ತುಂಬುತ್ತಿದ್ದಾರಂತೆ. ಸೀರೆಯ ಮೇಲೆ ಕೋಟು ಹಾಕಿಕೊಂಡು ಅಲ್ಲಿಗೇ ನುಗ್ಗಿದೆ.

ಉದ್ದ ಮೇಜು, ಟೈಪ್‌ರೈಟರು, ಪುಸ್ತಕ ತುಂಬಿದ ರಟ್ಟಿನ ಪೆಟ್ಟಿಗೆಗಳು. ನಡುವೆ ತಲೆಗೆ ಹ್ಯಾಟು ಇಟ್ಟುಕೊಂಡು ಮಿಸೆಸ್ ಹಾರ್ಗ್ರೋವ್ ಕೂತಿದ್ದಳು. ಜೀವಮಾನವೆಲ್ಲ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು. ಆಕೆ ಓದಿದ ಕಾಲೇಜು ಈ ದೇಶದ ದೂರದ ದಕ್ಷಿಣದಲ್ಲಿತ್ತು, ಕಪ್ಪು ಜನರನ್ನು ಬೇರೆಲ್ಲೂ ಸೇರಿಸದ ಕಾಲದಲ್ಲಿ ಅವರಿಗಾಗಿಯೇ ಕಟ್ಟಿದ ಕಾಲೇಜು. ಅದಕ್ಕೆ ಇಲ್ಲಿಂದ ವರ್ಷವರ್ಷ ಮಕ್ಕಳನ್ನು ಕಳಿಸುವುದು, ಅದರ ಲೈಬ್ರರಿಗೆ ಪುಸ್ತಕ ಕೂಡಿಹಾಕಿ ಕಳಿಸುವುದು, ಇದೇ ಆಕೆಯ ಕೆಲಸ. ಆಗ ನನಗೆ ಇದೆಲ್ಲ ಗೊತ್ತಿರಲಿಲ್ಲ.

"ನನ್ನ ಕ್ಲಾಸು ಕೆಡಿಸ್ತಿರೋದು ನೀವೇನಾ?" ಅಂದೆ.

ಆಕೆ ನನ್ನ ಚಪ್ಪಲಿಯಿಂದ ಶುರುಮಾಡಿ ಹಣೆಯ ಕುಂಕುಮದವರೆಗೂ ನೋಡಿದಳು. "ಓಹೋ, ಬದಲಿ ಟೀಚರಾ?"

"ಬದಲಿನೋ ಬಂಗಾರಾನೋ, ಗಣಿತ ನನಗೆ ಬರುತ್ತೆ. ಬರ್ಕ್ಲಿಯಂಥ ದೊಡ್ಡ ಯೂನಿವರ್ಸಿಟಿ ಇಲ್ಲೇ ಹತ್ತು ನಿಮಿಷದ ದಾರಿ. ಹೆಸರೇ ಕೇಳದ ಯಾವುದೋ ಕಾಲೇಜಿಗೆ ದಿನಗಟ್ಟಲೆ ಬಸ್ಸಲ್ಲಿ ಕೂರಿಸಿ ಕಳಿಸ್ತೀರಲ್ಲ, ಮಕ್ಕಳ ತಲೆ ಯಾಕೆ ಕೆಡಿಸ್ತೀರಿ?"

"ಹೆಸರು ನೀವು ಕೇಳದೆ ಇದ್ರೆ ಅದು ಕಾಲೇಜಿನ ತಪ್ಪಾ?" ಆಕೆ ದನಿ ಏರಿಸಲೇ ಇಲ್ಲ. "ನಿಮ್ಮ ಸ್ಕೂಲಲ್ಲಿ ಮುಂದೇನು ಓದಬೇಕು ಅಂತ ಹೇಳಕ್ಕೆ ಒಬ್ಬ ಇದ್ದಾನಲ್ಲ, ಡೆನೀಸ್‌ಗೆ ಏನು ಹೇಳಿದಾನೆ ಗೊತ್ತಾ? ಗಣಿತದ ಮಾರ್ಕ್ಸು ಎದುರಿಗೇ ಇಟ್ಕೊಂಡು, 'ಬೆರಳು ಚುರುಕಾಗಿದೆ, ಟೈಪಿಂಗ್ ಕಲಿ' ಅಂತ. ಆಗ ನಿಮ್ಮ ಕೂಗಾಟ ನನಗೆ ಕೇಳಿಸ್ಲಿಲ್ಲ ಮಿಸೆಸ್ ಗೌಡ."

ಡೆನೀಸ್ ತಲೆ ಎತ್ತದೆ ಅರ್ಜಿ ತುಂಬುತ್ತಿದ್ದಳು. ಟೈಪಿಂಗಿನ ಆ ಮಾತು ನನಗೆ ಗೊತ್ತಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ.

"ಆ ಕಾಲೇಜಲ್ಲಿ ಇವಳನ್ನ 'ನೀನು ಹೇಗೆ ಒಳಗೆ ಬಂದೆ' ಅಂತ ದಿನಾ ಯಾರೂ ಕೇಳಲ್ಲ. ಬರೀ ಓದ್ತಾಳೆ. ಅಷ್ಟು ಸಾಕು. ಈಗ ಬಾಗಿಲು ಹಾಕ್ಕೊಂಡು ಹೋಗಿ, ಚಳಿ ಬರ್ತಿದೆ."

ದಾರಿಯುದ್ದಕ್ಕೂ ಆಕೆಯನ್ನು ಬೈದುಕೊಂಡು ಬಂದೆ. ಅನ್ನಕ್ಕೆ ಇಟ್ಟು ಕೂತಾಗ, ಬೇಡಬೇಡವೆಂದರೂ ಮೈಸೂರಿನ ನಮ್ಮ ಜನಾಂಗದ ಹೆಣ್ಣುಮಕ್ಕಳ ಹಾಸ್ಟೆಲ್ಲು ಕಣ್ಣ ಮುಂದೆ ಬಂತು. ಮಂಡ್ಯದಿಂದ ಟ್ರಂಕು ಹೊತ್ತು ಬಂದ ನನ್ನ ಮಾತು ಕೇಳಿ ಕಾಲೇಜಿನಲ್ಲಿ ನಗುತ್ತಿದ್ದರು. "ಹಳ್ಳಿ ಗುಗ್ಗು" ಅಂತ ಹೆಸರಿಟ್ಟಿದ್ದರು. ಸಂಜೆ ಹಾಸ್ಟೆಲ್ಲಿಗೆ ಬಂದರೆ ಎಲ್ಲರ ಬಾಯಲ್ಲೂ ನನ್ನದೇ ಮಾತು, ತಟ್ಟೆಯಲ್ಲಿ ಮುದ್ದೆ. ಅಲ್ಲಿ ಕೂತು ಓದಿದ್ದಕ್ಕೇ ನಾನು ಎಂ.ಎಸ್‌ಸಿ. ಮುಗಿಸಿದ್ದು. ಆ ಹಾಸ್ಟೆಲ್ಲನ್ನು ಯಾರೋ ಹಳಬರು ಮನೆಮನೆಗೆ ಹೋಗಿ ರಾಗಿ ಎತ್ತಿ ಕಟ್ಟಿದ್ದರು. ಅವರಲ್ಲಿ ಒಬ್ಬರ ಹೆಸರೂ ನನಗೆ ತಿಳಿದಿರಲಿಲ್ಲ.

ಮುಂದಿನ ಶನಿವಾರ ಚಾಕ್‌ಪೀಸು ತೆಗೆದುಕೊಂಡು ನೆಲಮಾಳಿಗೆಗೇ ಹೋದೆ. "ಮಕ್ಕಳು ಇಲ್ಲಿದ್ರೆ ನನ್ನ ಕ್ಲಾಸೂ ಇಲ್ಲೇ" ಅಂದೆ. ಆಕೆ ಬೇಡ ಅನ್ನಲಿಲ್ಲ, ಬನ್ನಿ ಅನ್ನಲೂ ಇಲ್ಲ. ಅಲ್ಲಿಂದ ಶುರುವಾಯಿತು ನೋಡಿ, ಎಣ್ಣೆ ಸೀಗೆಕಾಯಿ ಸಂಬಂಧ. ನನ್ನ ಚಾಕಿನ ಪುಡಿ ಟೈಪ್‌ರೈಟರಿಗೆ ಬೀಳುತ್ತದೆ ಅಂತ ಆಕೆ. ಆ ಕಾಫಿ ಕುಡಿದರೆ ಹೊಟ್ಟೆ ಹಾಳು ಅಂತ ನಾನು. ಮಕ್ಕಳನ್ನು ಹೊಗಳಿ ಹೊಗಳಿ ಅಟ್ಟಕ್ಕೇರಿಸುತ್ತಾಳೆ ಅಂತ ನಾನು. ಬಾಯಿಬಿಟ್ಟರೆ ಬೈಗುಳವೇ ಬರುತ್ತದೆ ಅಂತ ಆಕೆ. ನವೆಂಬರಿಗೆ ಮಳೆ ಹಿಡಿಯಿತು. ಈ ಊರಿನಲ್ಲಿ ಚಳಿಗಾಲಕ್ಕೇ ಮಳೆ, ದರಿದ್ರದ್ದು, ಗುಡುಗಿಲ್ಲ ಸಿಡಿಲಿಲ್ಲ, ಸುಮ್ಮನೆ ದಿನವಿಡೀ ಜಿನುಗುತ್ತದೆ. ನೆಲಮಾಳಿಗೆಗೆ ನೀರು ನುಗ್ಗಿದ ದಿನ ಲೈಬ್ರರಿಗೆ ಹೋಗಬೇಕಾದ ಪೆಟ್ಟಿಗೆಗಳನ್ನು ನಾವಿಬ್ಬರೂ ಎತ್ತಿ ಮೇಜಿನ ಮೇಲಿಟ್ಟೆವು. ಆಗಲೂ ಯಾರು ಸರಿಯಾಗಿ ಹಿಡಿಯಲಿಲ್ಲ ಅಂತ ಜಗಳ.

ದೀಪಾವಳಿಗೆ ಫ್ರೀಮಾಂಟಿನಲ್ಲಿ ಡಾಕ್ಟರ ಹೆಂಡತಿ ವತ್ಸಲಾ ಅವರ ಮನೆಯಲ್ಲಿ ಕನ್ನಡದವರೆಲ್ಲ ಸೇರಿದೆವು. ಒಬ್ಬಟ್ಟಿಗೆ ತುಪ್ಪ ಹಾಕುತ್ತಾ ವತ್ಸಲಾ, "ಏನ್ರೀ, ಶನಿವಾರ ಶನಿವಾರ ಆ ಕರೀ ಜನದ ಚರ್ಚಿಗೆ ಹೋಗ್ತೀರಂತೆ? ಸೇಫಾ ಅದು? ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಕಣ್ರೀ. ನಮ್ಮ ಮಕ್ಕಳಿಗೇ ಮ್ಯಾಥ್ಸು ಹೇಳ್ಕೊಡಿ, ಪುಣ್ಯ ಬರುತ್ತೆ" ಅಂದರು.

"ನಿಮ್ಮ ಮಗನಿಗೆ ಬಂದು ಹೇಳ್ಕೊಡ್ತೀನಿ ವತ್ಸಲಾ. ಹನ್ನೆರಡರ ಮಗ್ಗಿ ಬರಲ್ವಂತೆ, ಪಾಪ" ಅಂದೆ. ವತ್ಸಲಾ ತುಪ್ಪ ಎತ್ತಿಕೊಂಡು ಮುಂದಿನ ಎಲೆಗೆ ಹೋದರು. ಕಾರಿನಲ್ಲಿ ಯಜಮಾನರು, "ಊರ ಉಸಾಬರಿ ನಿಂಗ್ಯಾಕೆ ಜಯಾ? ಇರೋ ನಾಲ್ಕು ಜನಾನೂ ದೂರ ಮಾಡ್ಕೊಂಡೆ" ಅಂದರು. ವತ್ಸಲಾ ಅಂದ ಮಾತನ್ನೇ ಈ ದೇಶಕ್ಕೆ ಬಂದ ಮೊದಲ ವರ್ಷ ನಾನೂ ಅಂದಿದ್ದೆ, ಅದೂ ಅವರ ಮನೆಯಲ್ಲೇ. ಆ ನಾಚಿಕೆಗೆ ನನ್ನ ಬಾಯಿ ಅಷ್ಟು ಜೋರಾಗಿತ್ತು.

ಡಿಸೆಂಬರಿನಲ್ಲಿ ಡೆನೀಸ್ ಒಂದು ಫಾರಂ ಹಿಡಿದು ಬಂದಳು. ಆ ಕಾಲೇಜಿನಲ್ಲಿ ಗಣಿತದ ಟೀಚರ್ ಆಗುವವರಿಗೆ ಒಂದು ವಿದ್ಯಾರ್ಥಿವೇತನ ಇತ್ತು. ಅದಕ್ಕೆ ಗಣಿತ ಕಲಿಸಿದವರು ಶಿಫಾರಸು ಪತ್ರ ಬರೆದು, ಲಕೋಟೆ ಅಂಟಿಸಿ, ನೇರವಾಗಿ ಕಳಿಸಬೇಕು.

"ಇದು ಸಿಕ್ಕಿದ್ರೆ ಹೋಗ್ತೀನಿ ಮಿಸೆಸ್ ಗೌಡ. ಇಲ್ದಿದ್ರೆ ಅಮ್ಮನ ಜೊತೆ ಆಸ್ಪತ್ರೆ ಲಾಂಡ್ರಿಗೆ ಸೇರ್ಕೋಬೇಕು" ಅಂದಳು. ಹೇಳುವಾಗ ಕನ್ನಡಕ ತೆಗೆದು ಒರೆಸಿದಳು. ಅವಳು ಹಾಗೆ ಮಾಡಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ನನ್ನನ್ನು ಕೇಳಿದಳಲ್ಲ ಅಂತ ಹೆಮ್ಮೆಯಾಯಿತು. ಅಂದೇ ಮನೆಯಲ್ಲಿ ಕೈಕಾಲು ತೊಳೆದು ಕೂತು, ಸುಂದರಮ್ಮನವರ ಸರ್ಟಿಫಿಕೇಟನ್ನು ಮುಂದಿಟ್ಟುಕೊಂಡು, ಅದೇ ಧಾಟಿಯಲ್ಲಿ ಚಂದದ ಅಕ್ಷರದಲ್ಲಿ ಬರೆದೆ. ಈಕೆ ಈ ವರ್ಷ ನನ್ನ ವಿದ್ಯಾರ್ಥಿನಿ. ತರಗತಿಗೆ ಕ್ರಮವಾಗಿ ಹಾಜರಾಗುತ್ತಾಳೆ. ನನಗೆ ತಿಳಿದಮಟ್ಟಿಗೆ ಈಕೆಯ ಗುಣ ನಡತೆ ತೃಪ್ತಿಕರ. ಮೂರು ಸಾಲು, ಕೆಳಗೆ ಸಹಿ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಂಚೆಪೆಟ್ಟಿಗೆಗೆ ಹಾಕುವಾಗ ಕಣ್ಣಿಗೂ ಒತ್ತಿಕೊಂಡೆ.

ಜನವರಿಯ ಒಂದು ಭಾನುವಾರ ಮಧ್ಯಾಹ್ನ, ಧೋ ಅಂತ ಮಳೆ. ಬಾಗಿಲು ಬಡಿದರು. ತೆರೆದರೆ ಮಿಸೆಸ್ ಹಾರ್ಗ್ರೋವ್, ಹ್ಯಾಟಿನಿಂದ ನೀರು ಸೋರುತ್ತಿತ್ತು. ಒಳಗೆ ಕರೆಯುವ ಮೊದಲೇ ನುಗ್ಗಿದಳು.

"ಆ ಮಗು ನಿಮಗೆ ಏನು ಮಾಡಿತ್ತು?"

"ಯಾವ ಮಗು? ಏನಾಯ್ತು?"

"ಕಾಲೇಜಿನ ಆಫೀಸಲ್ಲಿ ನನ್ನ ಜೊತೆ ಓದಿದವಳು ಇದ್ದಾಳೆ, ಫೋನ್ ಮಾಡಿದ್ಲು. ಡೆನೀಸ್ ಅರ್ಜಿ ಪಕ್ಕಕ್ಕಿಟ್ಟಿದ್ದಾರೆ. 'ಟೀಚರಿಗೇ ಹುಡುಗಿ ಕಂಡ್ರೆ ಆಗಲ್ಲ ಅಂತ ಕಾಣುತ್ತೆ, ಏನೋ ಮುಚ್ಚಿಡ್ತಿದ್ದಾರೆ' ಅಂತ ಅವರು ಮಾತಾಡ್ಕೊಂಡ್ರಂತೆ. ಮೂರು ಸಾಲು! ಮನೆ ಖಾಲಿ ಮಾಡಿದೋರ ನಾಯಿ ಬಗ್ಗೆ ಮನೆ ಓನರ್ರು ಇದಕ್ಕಿಂತ ಜಾಸ್ತಿ ಬರೀತಾರೆ. ಸೊನ್ನೆ ವಿಷಯಕ್ಕೆ ಸೇಡು ತೀರಿಸ್ಕೊಂಡ್ರಾ?"

ನನಗೆ ಕೋಪ ನೆತ್ತಿಗೇರಿತು. "ಸೇಡಾ? ನಾನಾ? ಬಾಯಿಗೆ ಬಂದ ಹಾಗೆ ಮಾತಾಡಬೇಡಿ! ನಮ್ಮಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲ. ನೋಡಿ ಇಲ್ಲಿ!" ಅಂತ ಬೀರುವಿನಿಂದ ನನ್ನ ಫೈಲು ತಂದು ಸುಂದರಮ್ಮನವರ ಸರ್ಟಿಫಿಕೇಟನ್ನು ಆಕೆಯ ಮೂಗಿಗೆ ಹಿಡಿದೆ.

ಆಕೆ ಕನ್ನಡಕ ಏರಿಸಿ ಓದಿದಳು. ಎರಡು ಸಲ ಓದಿದಳು. ಆಮೇಲೆ ಕುರ್ಚಿ ಎಳೆದು ಕೂತಳು.

"ಇದನ್ನ ಬರೆದೋಳಿಗೆ ನಿಮ್ಮ ಮೇಲೆ ಏನು ದ್ವೇಷ?"

"ದ್ವೇಷವೇ? ನಾನು ಬಿಟ್ಟು ಬರೋ ದಿನ ಗೇಟಿನವರೆಗೂ ಬಂದು ಕಣ್ಣೀರು ಹಾಕಿದ್ರು ಆಯಮ್ಮ. ಯಾರನ್ನೂ ಬಾಯಿತುಂಬ ಹೊಗಳಲ್ಲ ನಾವು. ಹೊಗಳಿದ್ರೆ ದೃಷ್ಟಿ ತಾಗುತ್ತೆ. ಕೆಲಸ ಗೊತ್ತಿರೋರು ಆ ಮೊಹರು ನೋಡಿದ್ರೇ ಸಾಕು."

"ಇದನ್ನ ಇಲ್ಲಿ ಎಷ್ಟು ಸ್ಕೂಲಿಗೆ ಕಳಿಸಿದ್ರಿ?"

"ಎಲ್ಲಾ ಸ್ಕೂಲಿಗೂ" ಅಂದೆ. ಅಂದವಳು ಹಾಗೇ ನಿಂತೆ. ಮೂರು ವರ್ಷ. ಮೇಲೆ ಪಿನ್ ಮಾಡಿ. ಮೊದಲು ಕಣ್ಣಿಗೆ ಬೀಳಲಿ ಅಂತ.

ಯಜಮಾನರು ಅಡಿಗೆಮನೆಯಿಂದ ಹೊರಗೆ ಇಣುಕಿ, ಪರಿಸ್ಥಿತಿ ನೋಡಿ, ಎರಡು ಲೋಟ ಫಿಲ್ಟರ್ ಕಾಫಿ ತಂದಿಟ್ಟು ಮಾಯವಾದರು. ನನಗೆ ಅಳು ಬಂತು. ಆಕೆಯ ಎದುರು ಅಳಬಾರದೆಂದು ಎಷ್ಟು ಹಲ್ಲು ಕಚ್ಚಿದರೂ ಬಂತು. ನನ್ನ ಮೂರು ವರ್ಷ ಹಾಳಾದದ್ದು ಹೋಗಲಿ, ಅದೇ ಕೈಯಿಂದ ಆ ಹುಡುಗಿಯ ಬಾಳಿಗೂ ಕಲ್ಲು ಹಾಕಿದ್ದೆ.

"ಅಳೋದನ್ನ ಆಮೇಲೆ ಇಟ್ಕೊಳ್ಳಿ" ಅಂದಳು ಮಿಸೆಸ್ ಹಾರ್ಗ್ರೋವ್. "ನಾಳೆ ಅಂಚೆಗೆ ಹಾಕಿದ್ರೆ ಇನ್ನೊಂದು ಪತ್ರ ನೋಡ್ತಾರಂತೆ. ಪೆನ್ನು ತಗೊಳ್ಳಿ."

"ನನಗೆ ಹೊಗಳಕ್ಕೆ ಬರಲ್ಲ."

"ಹೊಗಳಬೇಡಿ. ಆ ಹುಡುಗಿ ಏನು ಮಾಡ್ತಾಳೆ ಹೇಳಿ."

"ಏನು ಮಾಡ್ತಾಳಾ? ಪ್ರಾಣ ತಿಂತಾಳೆ! ಒಂದು ಸೊನ್ನೆಗೋಸ್ಕರ ಮೂರು ದಿನ ನಿಂತಿದ್ಲು. ಇಡೀ ಕ್ಲಾಸಿನ ಮುಂದೆ ನನ್ನ ಮಾನ ತೆಗೆದ್ಲು. ಒಂದು ಲೆಕ್ಕಕ್ಕೆ ಎರಡು ದಾರಿ ತೋರಿಸಿದ್ರೆ ಮೂರನೇದು ಹುಡುಕ್ಕೊಂಡು ಬರ್ತಾಳೆ. ಹಿಂದಿನ ಬೆಂಚಿನವರಿಗೆ ನಾನು ಹೇಳಿದ್ದು ಅರ್ಥ ಆಗದಿದ್ರೆ ಇವಳು ಹೇಳಿಕೊಡ್ತಾಳೆ. ಅವಳು ಹೇಳಿದ್ರೆ ಅರ್ಥ ಆಗುತ್ತೆ ಅವರಿಗೆ, ಹಾಳಾದೋರಿಗೆ!"

"ಅದನ್ನೇ ಬರೀರಿ" ಅಂದಳು ಆಕೆ. "ಬೈಗುಳ ಸಮೇತ."

ಎರಡು ಪುಟ ಬರೆದೆ. ಸಿಟ್ಟಿನಲ್ಲೇ ಬರೆದೆ. ಈ ಹುಡುಗಿ ನನಗೆ ನೆಮ್ಮದಿ ಕೊಟ್ಟಿಲ್ಲ, ನಿಮಗೂ ಕೊಡುವುದಿಲ್ಲ, ಆರು ವರ್ಷ ಮೈಸೂರಿನಲ್ಲಿ ಇಂಥವಳೊಬ್ಬಳು ಸಿಗಲಿ ಅಂತ ಕಾದಿದ್ದೆ ಅಂತ ಮುಗಿಸಿದೆ. ಅದು ನನ್ನ ಬಾಯಿಂದ ಯಾವತ್ತೂ ಬಂದಿರದ ಮಾತು. ಅಷ್ಟರಲ್ಲಿ ಆಕೆ ಎರಡೂ ಲೋಟ ಕಾಫಿ ಕುಡಿದು ಮುಗಿಸಿ, "ಸಕ್ಕರೆ ಜಾಸ್ತಿ" ಅಂದಳು. ಹೋಗುವಾಗ ಸುಂದರಮ್ಮನವರ ಸರ್ಟಿಫಿಕೇಟನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಕೊಡಿ ಅಂದರೆ, "ಇದು ನಿಮ್ಮ ಹತ್ರ ಇರೋದು ಅಪಾಯ" ಅಂದಳು. ಹೆಂಗಸಿನ ಧೈರ್ಯ ನೋಡಿ!

ಏಪ್ರಿಲಿನಲ್ಲಿ ಡೆನೀಸ್ ಒಂದು ದಪ್ಪ ಲಕೋಟೆ ಎತ್ತಿ ಹಿಡಿದುಕೊಂಡು ಕ್ಲಾಸಿಗೆ ಓಡಿ ಬಂದಳು. ಸೀಟೂ ಸಿಕ್ಕಿತ್ತು, ವಿದ್ಯಾರ್ಥಿವೇತನವೂ ಸಿಕ್ಕಿತ್ತು. ಮಕ್ಕಳು ಬೆಂಚು ಹತ್ತಿ ಕುಣಿದರು. "ಸರಿ, ಆಯ್ತಲ್ಲ. ಕೂತ್ಕೋ, ಪುಸ್ತಕ ತೆಗಿ" ಅಂದೆ. ಅವಳು ನಕ್ಕಳು, ಕೂತಳು. ಆಗಸ್ಟಿನಲ್ಲಿ ಬಸ್ಸು ಹತ್ತಿಸಲು ಹೋಗಿ ಒಂದು ಡಬ್ಬಿ ಕೋಡುಬಳೆ ಕೊಟ್ಟೆ. ಮಿಸೆಸ್ ಹಾರ್ಗ್ರೋವ್ ಒಂದನ್ನು ಕಡಿದು ನೋಡಿ, ಹಲ್ಲು ಹೋಗುತ್ತದೆ ಅಂದಳು.

ಅದೇ ಬೇಸಿಗೆಯಲ್ಲಿ ನಾನು ಕಾಯಂ ಕೆಲಸಕ್ಕೆ ಮತ್ತೆ ಅರ್ಜಿ ಹಾಕಿದೆ. ಶಿಫಾರಸು ನಾನೇ ಬರೀತೀನಿ ಅಂತ ಆಕೆ ಹಟ ಹಿಡಿದಳು. ಲಕೋಟೆ ಅಂಟಿಸಿದಳು, ತೋರಿಸಲಿಲ್ಲ. ಹದಿನೈದು ದಿನದಲ್ಲಿ ಕರೆ ಬಂತು. ಆ ಸ್ಕೂಲಿನಲ್ಲೇ ಇಪ್ಪತ್ತೆರಡು ವರ್ಷ ಕಲಿಸಿದೆ. ಆಕೆ ಸಾಯುವವರೆಗೂ ಶನಿವಾರ ಶನಿವಾರ ಜಗಳವಾಡಿದೆವು, ಆ ಶಿಫಾರಸಿನಲ್ಲಿ ಏನು ಬರೆದಿದ್ದಿರಿ ಅಂತ ಎಷ್ಟು ಕೇಳಿದರೂ ಹೇಳಲಿಲ್ಲ. ಡೆನೀಸ್ ಈಗ ಅದೇ ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ವರ್ಷಕ್ಕೊಂದು ಕಾರ್ಡು ಬರುತ್ತದೆ, ಸಹಿಯ ಕೆಳಗೆ ಒಂದು ಸೊನ್ನೆ ಇರುತ್ತದೆ.

ಹೋದ ತಿಂಗಳು ಆ ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತು ಫೈಲು ಬಿಚ್ಚಿದೆ. ಮೇಲೆ ಸುಂದರಮ್ಮನವರ ಸರ್ಟಿಫಿಕೇಟು, ಮೊಹರು ಮಾಸಿತ್ತು. ಕೆಳಗೆ ತೆಳ್ಳನೆಯ ಕಾರ್ಬನ್ ಪ್ರತಿ. ಕನ್ನಡದಲ್ಲಿ ಹೇಳಿದರೆ ಹೀಗಿತ್ತು:

"ಮಿಸೆಸ್ ಗೌಡ ನನ್ನ ಚರ್ಚಿಗೆ ನುಗ್ಗಿ ನನ್ನ ಮೇಲೇ ಕೂಗಾಡಿದವರು. ಜಗಳಗಂಟಿ. ನನ್ನ ಕಾಫಿಯನ್ನು ಹೀಯಾಳಿಸುತ್ತಾರೆ. ಮಕ್ಕಳನ್ನು ಹೊಗಳುವುದಿಲ್ಲ, ಅವರ ಕೈಯನ್ನೂ ಬಿಡುವುದಿಲ್ಲ. ಮಳೆಗೂ ಒಂದು ಶನಿವಾರ ತಪ್ಪಿಸಿಲ್ಲ. ತಪ್ಪು ಮಾಡಿದರೆ ಒಪ್ಪಿಕೊಳ್ಳಲು ಮೂರು ದಿನ ಬೇಕು. ಆದರೆ ಬೋರ್ಡಿನ ಮೇಲೆ, ಎಲ್ಲರೆದುರಿಗೇ ಒಪ್ಪಿಕೊಳ್ಳುತ್ತಾರೆ. ಈ ಊರಿನಲ್ಲಿ ಅಷ್ಟು ಮಾಡಿದ ಇನ್ನೊಬ್ಬ ಟೀಚರನ್ನು ನಾನು ಕಂಡಿಲ್ಲ. ಈಕೆಯ ನಡತೆ ತೃಪ್ತಿಕರವಲ್ಲ. ಬೇರೆಯವರು ಕರೆದುಕೊಳ್ಳುವ ಮೊದಲು ನೀವು ಕರೆದುಕೊಳ್ಳಿ."

ಎಷ್ಟು ಹೊತ್ತು ಅತ್ತೆನೋ. ಫೋನ್ ಮಾಡಿದ್ದ ಹುಡುಗಿ ಗಾಬರಿಯಾಗಿ ಒಂದು ಲೋಟ ನೀರು ತಂದು ಪಕ್ಕದಲ್ಲಿ ಕೂತಳು.

"ನಾನು ಅವರನ್ನ ನೋಡೇ ಇಲ್ಲ ಮೇಡಂ. ಹೇಗಿದ್ರು ಮಿಸೆಸ್ ಹಾರ್ಗ್ರೋವ್?"

ಒಳ್ಳೆಯವರು ಅಂದುಬಿಡಬಹುದಿತ್ತು. ಸೆರಗಿನಿಂದ ಮೂಗು ಒರೆಸಿಕೊಂಡೆ.

"ಹೊತ್ತಿದೆಯಾ ನಿಂಗೆ? ಮೂರು ಮಾತಲ್ಲಿ ಮುಗಿಯಲ್ಲ" ಅಂದೆ. "ಮೊದಲು ಆ ಹಾಳು ಕಾಫಿ ವಿಷಯ ಹೇಳ್ತೀನಿ, ಕೇಳು."